ದಾನದ ಹಸುವಿನ ಹಲ್ಲು

ದಾನವಾಗಿ ಬಂದ ಹಸುವಿನ ಹಲ್ಲು ಎಣಿಸಬಾರದೆಂದು ನಮ್ಮಲ್ಲಿ ಒಂದು ಮಾತುಂಟು. ಲಿನಕ್ಸ್ ಕಂಪ್ಯೂಟರಿನ ಕುಂದುಕೊರತೆಗಳನ್ನು ಯಾರಾದರೂ ಎತ್ತಿದ ಕೂಡಲೆ ಅದರ ಅಭಿಮಾನಿಗಳು ಈ ಮಾತನ್ನೇ ಬೇರೆ ಬೇರೆ ವೇಷ ತೊಡಿಸಿ ಆಡುತ್ತಾರೆ. "ಪುಕ್ಕಟೆ ಕೊಟ್ಟಿದ್ದಾರಲ್ಲ ಸ್ವಾಮಿ, ಮತ್ತೇನು ಬೇಕು?" ಎನ್ನುವವರು ಕೆಲವರು. "ಮೂಲ ಬರಹವೆಲ್ಲ ತೆರೆದೇ ಇದೆ, ಬೇಕಾದ್ದನ್ನು ನೀವೇ ಬರೆದು ಸೇರಿಸಿಕೊಳ್ಳಿ" ಎನ್ನುವವರು ಇನ್ನು ಕೆಲವರು. ಮೊದಲಿನವರದು ಔದಾರ್ಯದ ಬಿಂಕ, ಎರಡನೆಯವರದು ವಿದ್ಯೆಯ ಬಿಂಕ. ಈ ಎರಡು ಬಿಂಕಗಳ ನಡುವೆ ಸಿಕ್ಕಿದ ಸಾಮಾನ್ಯ ಬಳಕೆದಾರ ಬಾಯಿ ಮುಚ್ಚಿಕೊಳ್ಳುತ್ತಾನೆ. ನಾಲ್ಕು ದಿನ ಹೆಣಗಿ ನೋಡಿ, ಸದ್ದಿಲ್ಲದೆ ವಿಂಡೋಸಿಗೆ ಮರಳುತ್ತಾನೆ. ಅವನು ಬಂದದ್ದೂ ಹೋದದ್ದೂ ಯಾರ ಲೆಕ್ಕಕ್ಕೂ ಬರುವುದಿಲ್ಲ.

ನಾನು ಲಿನಕ್ಸಿನ ಹಗೆಯಲ್ಲ. ಕನ್ನಡದ ಮಟ್ಟಿಗೆ ಅದರಷ್ಟು ಆಶೆ ಹುಟ್ಟಿಸುವ ವ್ಯವಸ್ಥೆ ಬೇರೊಂದಿಲ್ಲವೆಂದು ನಂಬಿದವನು. ಹಲ್ಲು ಎಣಿಸಬೇಕಾಗಿರುವುದು ಆ ಕಾರಣಕ್ಕೇ.

ವಿಷಯಕ್ಕೆ ಹೊಸಬರಾದವರಿಗಾಗಿ ಒಂದು ವಿವರಣೆ. ಲಿನಕ್ಸ್ ಎಂದು ನಾವು ಒಟ್ಟಾಗಿ ಕರೆಯುವುದು ಎರಡು ಅಂತಸ್ತಿನ ಮನೆ. ಕೆಳ ಅಂತಸ್ತು, ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ 1991ರಲ್ಲಿ ಕೈಹಾಕಿದ ಕರ್ನೆಲ್. ಯಂತ್ರವನ್ನು ನಡೆಸುವ ತಿರುಳು. ನಮ್ಮ ಜೇಬಿನ ಆಂಡ್ರಾಯ್ಡ್ ಫೋನಿನಲ್ಲಿರುವುದೂ ಅದೇ. ಮೇಲಂತಸ್ತು ಕಣ್ಣಿಗೆ ಕಾಣುವ ಭಾಗ: ಪರದೆ, ಕಿಟಕಿಗಳು, ಗುಂಡಿಗಳು, ಫೈಲುಗಳ ಪಟ್ಟಿ. ಇದಕ್ಕೆ ಡೆಸ್ಕ್‌ಟಾಪ್ ಎಂದು ಹೆಸರು. ಇದನ್ನು ಕಟ್ಟುವವರು ಬೇರೆ ಬೇರೆ ಬಳಗದವರು. ಹೆಸರಾದವು ಎರಡು: 1996ರಲ್ಲಿ ಜರ್ಮನಿಯಲ್ಲಿ ಮೊದಲಾದ ಕೆಡಿಇ, 1997ರಲ್ಲಿ ಮೆಕ್ಸಿಕೋದ ಇಬ್ಬರು ತರುಣರು ಆರಂಭಿಸಿದ ಗ್ನೋಮ್. ಉಬುಂಟು, ಫೆಡೋರಾ ಮುಂತಾದ ಹೆಸರಿನಲ್ಲಿ ನಮ್ಮ ಕೈಸೇರುವ ಲಿನಕ್ಸಿನಲ್ಲಿ ಸಾಮಾನ್ಯವಾಗಿ ಕಾಣುವ ಮುಖ ಗ್ನೋಮಿನದು.

ಕೆಳ ಅಂತಸ್ತಿನಲ್ಲಿ ಟೊರ್ವಾಲ್ಡ್ಸ್ ಒಂದು ಕಟ್ಟುನಿಟ್ಟನ್ನು ಪಾಲಿಸಿಕೊಂಡು ಬಂದಿದ್ದಾರೆ. ಕರ್ನೆಲಿನ ಒಳಗೆ ಏನು ಬೇಕಾದರೂ ಬದಲಾಗಲಿ, ಅದರ ಮೇಲೆ ನಿನ್ನೆ ನಡೆಯುತ್ತಿದ್ದ ಪ್ರೋಗ್ರಾಮು ನಾಳೆಯೂ ನಡೆಯಬೇಕು. ನಡೆಯದಿದ್ದರೆ ತಪ್ಪು ಕರ್ನೆಲಿನದು, ಪ್ರೋಗ್ರಾಮಿನದಲ್ಲ. ಈ ನಿಯಮವನ್ನು ಮುರಿದ ಸಹೋದ್ಯೋಗಿಗಳ ಮೇಲೆ ಅವರು ಹರಿಹಾಯ್ದದ್ದು ಲೋಕಪ್ರಸಿದ್ಧ. ಮೇಲಂತಸ್ತಿಗೆ ಹತ್ತಿದರೆ ಆ ನಿಯಮದ ಗಾಳಿಯೂ ಸುಳಿಯುವುದಿಲ್ಲ. ಅಲ್ಲಿ ಗೋಡೆಗಳು ಸರಿಯುತ್ತಲೇ ಇರುತ್ತವೆ. ಮನೆಯಲ್ಲಿ ವಾಸವಾಗಿರುವವರನ್ನು ಕೇಳುವ ಪದ್ಧತಿಯಿಲ್ಲ.

ಒಂದು ಉದಾಹರಣೆಯನ್ನು ವಿಸ್ತಾರವಾಗಿ ಹೇಳುತ್ತೇನೆ. ನೀವು ಯಾರಿಗೋ ಮಿಂಚಂಚೆ ಬರೆದು ಅದರ ಜೊತೆಗೆ ಒಂದು ಫೋಟೋ ಸೇರಿಸಬೇಕೆಂದು ಇಟ್ಟುಕೊಳ್ಳಿ. ಗುಂಡಿ ಒತ್ತಿದರೆ ಫೈಲು ಆರಿಸುವ ಕಿಟಕಿ ತೆರೆಯುತ್ತದೆ. ಕ್ಯಾಮರಾ ತೆಗೆದ ಚಿತ್ರಗಳಿಗೆ ಹೆಸರಿರುವುದಿಲ್ಲ, ಅಂಕಿಯಿರುತ್ತದೆ. ಇನ್ನೂರು ಅಂಕಿಗಳ ಸಾಲಿನಲ್ಲಿ ಮಗಳ ಮದುವೆಯ ಚಿತ್ರ ಯಾವುದು, ಮನೆಯ ತೆರಿಗೆ ರಸೀತಿಯ ಚಿತ್ರ ಯಾವುದು? ಪ್ರತಿಯೊಂದರ ಪುಟ್ಟ ಪ್ರತಿಕೃತಿ ಸಾಲಾಗಿ ಕಂಡರೆ ಕ್ಷಣದಲ್ಲಿ ಆರಿಸಬಹುದು. ವಿಂಡೋಸಿನಲ್ಲಿ ಅದು ಕಾಣುತ್ತಿತ್ತು, ಕೆಡಿಇಯಲ್ಲೂ ಕಾಣುತ್ತಿತ್ತು. ಗ್ನೋಮಿನ ಫೈಲು ಆರಿಸುವ ಕಿಟಕಿಯಲ್ಲಿ ಮಾತ್ರ ಬರಿಯ ಹೆಸರುಗಳ ಪಟ್ಟಿ. ಕೆಲವು ಪ್ರೋಗ್ರಾಮುಗಳಲ್ಲಿ ಒಂದೊಂದಾಗಿ ಒತ್ತಿ ಪಕ್ಕದಲ್ಲಿ ಇಣುಕಿ ನೋಡಬೇಕು. ಉಳಿದವುಗಳಲ್ಲಿ ಅದೂ ಇಲ್ಲ. ವಿಚಿತ್ರವೆಂದರೆ, ಅದೇ ಗ್ನೋಮಿನ ಫೈಲುಗಳ ಕಪಾಟನ್ನು ನೇರವಾಗಿ ತೆರೆದರೆ ಪುಟ್ಟ ಚಿತ್ರಗಳು ಧಾರಾಳವಾಗಿ ಕಾಣುತ್ತಿದ್ದವು. ವಿದ್ಯೆ ಇತ್ತು. ಬೇಕಾದ ಕಡೆ ಅದನ್ನು ತಂದಿಡಲಿಲ್ಲ.

ಈ ಕೊರತೆಯ ಬಗ್ಗೆ ಮೊದಲ ದೂರು ದಾಖಲಾದದ್ದು 2004ರಲ್ಲಿ. ನೀಗಿದ್ದು 2023ರ ಮಾರ್ಚಿನಲ್ಲಿ, ಗ್ನೋಮ್ 44 ಹೊರಬಂದಾಗ. ದೂರು ಬರೆದ ವರ್ಷ ಹುಟ್ಟಿದ ಕೂಸು ಅಷ್ಟು ಹೊತ್ತಿಗೆ ಪಿಯುಸಿ ದಾಟಿ ಪದವಿ ತರಗತಿಗೆ ಬಂದಿತ್ತು. ನಡುವಿನ ಅಷ್ಟು ವರ್ಷಗಳಲ್ಲಿ ಯಾರೂ ಸುಮ್ಮನೆ ಕುಳಿತಿರಲಿಲ್ಲ ಎಂಬುದು ಇನ್ನೂ ದೊಡ್ಡ ಸೋಜಿಗ. ಆ ಅವಧಿಯಲ್ಲಿ ಗ್ನೋಮನ್ನು ಬುಡಸಹಿತ ಕಿತ್ತು ಹೊಸದಾಗಿ ಕಟ್ಟಲಾಯಿತು. ಬಣ್ಣ ಬದಲಾಯಿತು, ಅಕ್ಷರ ಬದಲಾಯಿತು, 3.38ರ ಮುಂದಿನ ಸಂಚಿಕೆಗೆ 40 ಎಂದು ನಾಮಕರಣವೂ ಆಯಿತು. ಚಿತ್ರ ಆರಿಸುವವನ ಪಾಡು ಮಾತ್ರ ಇದ್ದಲ್ಲೇ ಇತ್ತು.

ಇದಾದರೂ ಮಾಡದೆ ಬಿಟ್ಟ ಕೆಲಸ. ಇದ್ದುದನ್ನು ಕಿತ್ತುಹಾಕಿದ ಪ್ರಕರಣಗಳು ಬೇರೆ. 2011ರಲ್ಲಿ ಗ್ನೋಮ್ 3 ಬಂದಾಗ ಕಿಟಕಿಯನ್ನು ಕೆಳಗಿಳಿಸುವ, ಹಿಗ್ಗಿಸುವ ಗುಂಡಿಗಳು ಮಾಯವಾದವು. 2012ರಲ್ಲಿ ಫೈಲುಗಳ ಕಪಾಟನ್ನು ಎರಡು ಭಾಗ ಮಾಡಿ ಅಕ್ಕಪಕ್ಕ ಇಟ್ಟುಕೊಳ್ಳುವ ಅನುಕೂಲ ಹೋಯಿತು. ಅದೇ ವರ್ಷ, ಹೆಸರಿನ ಮೊದಲ ಎರಡಕ್ಷರ ಒತ್ತಿದರೆ ಆ ಫೈಲಿಗೇ ಜಿಗಿಯುತ್ತಿದ್ದ ಸೌಕರ್ಯವೂ ಹೋಗಿ, ಅದರ ಜಾಗದಲ್ಲಿ ಒಳಕೋಣೆಗಳನ್ನೆಲ್ಲ ತಡಕಾಡಿ ಬೇಡದ್ದನ್ನೂ ಹರವುವ ಹುಡುಕಾಟ ಬಂದು ಕುಳಿತಿತು. 2017ರಲ್ಲಿ, ಹಿನ್ನೆಲೆಯಲ್ಲಿ ನಡೆಯುವ ಪ್ರೋಗ್ರಾಮುಗಳ ಪುಟ್ಟ ಗುರುತುಗಳು ಕೂಡುತ್ತಿದ್ದ ಮೂಲೆಯನ್ನು ಎತ್ತಿಬಿಟ್ಟರು. 2018ರಲ್ಲಿ ಪರದೆಯ ಮೇಲೆ ಫೈಲು ಇಡುವ ಏರ್ಪಾಟನ್ನೇ ತೆಗೆದರು. ಡೆಸ್ಕ್‌ಟಾಪ್ ಎಂದರೆ ಮೇಜಿನ ಮೇಲ್ಮೈ. ಮೇಲೆ ಏನನ್ನೂ ಇಡಕೂಡದೆಂಬ ಮೇಜನ್ನು ನಮ್ಮ ಊರಿನ ಬಡಗಿ ಮಾಡಿಕೊಟ್ಟಿದ್ದರೆ ಕೂಲಿ ದಕ್ಕುತ್ತಿತ್ತೆ?

ಇದಕ್ಕೆಲ್ಲ ಅವರು ಕೊಡುವ ಸಮಾಧಾನ ಸರಳತೆ. ಬಳಕೆದಾರನ ಗಮನ ಚೆದುರಬಾರದು. ಆಯ್ಕೆಗಳು ಹೆಚ್ಚಿದಷ್ಟೂ ಗೊಂದಲ. ಈ ವಾದದ ಮೂಲದಲ್ಲಿ ತಥ್ಯವಿಲ್ಲದೆ ಇಲ್ಲ. ಗ್ನೋಮ್ ಬಳಗದ ಹ್ಯಾವಕ್ ಪೆನಿಂಗ್ಟನ್ 2002ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ಸೇರಿಸಿದ ಪ್ರತಿಯೊಂದು ಆಯ್ಕೆಗೂ ಒಂದು ಬೆಲೆ ತೆರಬೇಕಾಗುತ್ತದೆಂದು ವಾದಿಸಿದರು. ಅದು ಆ ಕಾಲಕ್ಕೆ ಬೇಕಾಗಿದ್ದ ವಿವೇಕ. ಅದಕ್ಕೆ ಹಿಂದಿನ ವರ್ಷ ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿ ಸಾಮಾನ್ಯ ಜನರನ್ನು ಗ್ನೋಮಿನ ಮುಂದೆ ಕೂಡಿಸಿ, ಅವರು ಎಲ್ಲೆಲ್ಲಿ ತಡವರಿಸುತ್ತಾರೆಂದು ನೋಡಿ ಬರೆದಿಟ್ಟಿತ್ತು. 2002ರಲ್ಲಿ ಬಂದ ಗ್ನೋಮ್ 2 ಮಾದರಿಯೆನಿಸಿಕೊಂಡದ್ದಕ್ಕೆ ಇಂಥ ಪರಿಶ್ರಮವೂ ಒಂದು ಕಾರಣವೆಂದು ನನ್ನ ಎಣಿಕೆ. ಮುಂದೆ ವಿವೇಕ ವ್ರತವಾಯಿತು. ತೆಗೆಯುವುದೇ ಸುಧಾರಣೆ ಎಂಬ ನಂಬಿಕೆ ಬೆಳೆಯಿತು. ಕ್ಷೌರ ಮಾಡಿಸಿಕೊಳ್ಳಲು ಕುಳಿತವನ ಕಿವಿಗೂ ಕತ್ತರಿ ಬಿತ್ತು.

(ಕೆಡಿಇಯ ದೋಷ ಇದಕ್ಕೆ ತಿರುಗುಮುರುಗು. ಅಲ್ಲಿ ಆಯ್ಕೆಗಳ ಜಾತ್ರೆ. 2008ರ ಜನವರಿಯಲ್ಲಿ ಅರ್ಧ ಬೆಂದ ಕೆಡಿಇ 4ನ್ನು ಬಡಿಸಿ, ಇದ್ದ ಅಭಿಮಾನಿಗಳನ್ನೂ ಓಡಿಸಿದರು. ಈಗ ಎಷ್ಟೋ ಸುಧಾರಿಸಿದೆ. ಅದನ್ನು ಇಲ್ಲಿಗೆ ಬಿಡೋಣ.)

ಗ್ನೋಮ್ 3ರ ಫಲವೇನಾಯಿತೆಂಬುದು ಚರಿತ್ರೆ. ಟೊರ್ವಾಲ್ಡ್ಸ್ ಅವರೇ ಅದೇ 2011ರಲ್ಲಿ ಬಹಿರಂಗವಾಗಿ ಕಟು ಮಾತಾಡಿ, ಎಕ್ಸ್‌ಎಫ್‌ಸಿಇ ಎಂಬ ಚಿಕ್ಕ ಡೆಸ್ಕ್‌ಟಾಪಿಗೆ ಬಿಡಾರ ಬದಲಿಸಿದರು. ಹಳೆಯ ಗ್ನೋಮ್ 2 ಬೇಕೆಂದವರು ಮಾಟೆ ಎಂದು ಬೇರೆ ಒಲೆ ಹೂಡಿದರು. ಲಿನಕ್ಸ್ ಮಿಂಟಿನವರು ಸಿನಮನ್ ಎಂದು ಇನ್ನೊಂದು. ಉಬುಂಟುವಿನವರು ಯೂನಿಟಿ ಎಂಬ ಮತ್ತೊಂದನ್ನು ಕಟ್ಟಿ, 2017ರಲ್ಲಿ ಅದನ್ನು ಕೈಬಿಟ್ಟು ಗ್ನೋಮಿಗೇ ಮರಳಿದರು. ಯೂನಿಟಿ ಎಂದರೆ ಐಕ್ಯ. ಒಡೆದ ಮನೆಗೆ ಇಟ್ಟ ಹೆಸರನ್ನು ನೋಡಿ! ಮರಳಿದವರು ಮಾಡಿದ್ದೇನು? ಗ್ನೋಮಿನವರು ಕತ್ತರಿಸಿದ್ದನ್ನು, ಎಂದರೆ ಪರದೆಯ ಮೇಲಿನ ಫೈಲುಗಳನ್ನೂ ಮೂಲೆಯ ಗುರುತುಗಳನ್ನೂ, ವಿಸ್ತರಣೆ ಎಂಬ ತೇಪೆಗಳಿಂದ ಮತ್ತೆ ಹೊಲಿದು ನಮಗೆ ಕೊಡುತ್ತಿದ್ದಾರೆ. ಈ ತೇಪೆಗಳ ಆಯುಷ್ಯವೋ ಆರು ತಿಂಗಳು. ವರ್ಷಕ್ಕೆರಡು ಬಾರಿ ಗ್ನೋಮ್ ಹೊಸದಾಗುತ್ತದೆ. ಹೊಸದಾದಾಗ ಹಳೆಯ ತೇಪೆ ಹಿಡಿಯುವುದೆಂಬ ಭರವಸೆಯಿಲ್ಲ. 2023ರ ಸೆಪ್ಟೆಂಬರಿನಲ್ಲಿ ಗ್ನೋಮ್ 45 ಬಂದಾಗ ಹಿಂದಿನ ವಿಸ್ತರಣೆಗಳನ್ನೆಲ್ಲ ತಿದ್ದಿ ಬರೆಯಬೇಕಾಯಿತು.

ಕನ್ನಡದ ಮಾತಿಗೆ ಬರುತ್ತೇನೆ. ಈ ಲೇಖನ ಬರೆಯಲು ಹೊರಟದ್ದೂ ಅದಕ್ಕೇ.

ಒಬ್ಬ ಗುಮಾಸ್ತೆಯನ್ನು ಕಲ್ಪಿಸಿಕೊಳ್ಳಿ. ಆಕೆ ಹತ್ತಾರು ವರ್ಷ 'ನುಡಿ' ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದವಳು. ಕೆ. ಪಿ. ರಾವ್ ಅವರು ರೂಪಿಸಿದ ಉಚ್ಚಾರಣೆಗೆ ಹೊಂದುವ ಕೀಲಿಮಣೆ ಆಕೆಯ ಬೆರಳಿಗೆ ರೂಢಿಯಾಗಿದೆ. ಆಕೆಗೆ ಒಂದು ಲಿನಕ್ಸ್ ಯಂತ್ರ ಕೊಟ್ಟು ಕನ್ನಡ ಬರೆಯಮ್ಮ ಎಂದರೆ ಆಗುವುದೇನು? ಕೀಲಿಮಣೆಯ ಆಯ್ಕೆಗಳನ್ನು ತೆರೆದರೆ ಕನ್ನಡ ಮೊದಲಿಗೆ ಕಾಣಿಸದೆ ಹೋಗಬಹುದು. ಪಟ್ಟಿಯ ತಳದಲ್ಲಿ ಮೂರು ಚುಕ್ಕಿಗಳಿರುತ್ತವೆ. ಅದು ಅಲಂಕಾರವಲ್ಲ, ಬಾಗಿಲು ಎಂದು ತಾನೇ ಊಹಿಸಿ ಒತ್ತಬೇಕು. ಒಳಗೆ 'ಕನ್ನಡ' ಎಂದು ಕಂಡಿತು, ಆರಿಸಿಕೊಂಡಳು. ಅದು ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸ. ಆಕೆಯ ಬೆರಳು ಒಂದು ಒತ್ತಿದರೆ ಪರದೆಯಲ್ಲಿ ಇನ್ನೊಂದು ಮೂಡುತ್ತದೆ. ಮತ್ತೆ ಹುಡುಕಿದರೆ 'ಕಗಪ' ಎಂಬ ಹೆಸರುಂಟು. ಇದೇ ತನ್ನದು ಎಂದು ಹಿಗ್ಗಿದರೆ ಅಲ್ಲಿಯೂ ಮೋಸ. ಅದು ಒಂದು ಕೀಲಿಗೆ ಒಂದು ಅಕ್ಷರ ಎಂಬ ಜಡ ನಕ್ಷೆ. ವ್ಯಂಜನದ ಮುಂದೆ ಬಂದ ಸ್ವರವನ್ನು ತಾನಾಗಿ ಗುಣಿತ ಮಾಡುವ ಬುದ್ಧಿ ಅದಕ್ಕಿಲ್ಲ. ಆ ಬುದ್ಧಿಯಿರುವ ವಿನ್ಯಾಸ ಇರುವುದು 'ಎಂ17ಎನ್' ಎಂಬ ಇನ್ನೊಂದು ಕಟ್ಟಿನಲ್ಲಿ. ಬಹುಭಾಷೆ ಎಂಬ ಅರ್ಥದ ಒಂದು ಉದ್ದನೆಯ ಇಂಗ್ಲಿಷ್ ಪದದ ಮೊದಲ ಅಕ್ಷರ ಎಂ, ಕೊನೆಯದು ಎನ್, ನಡುವೆ 17 ಅಕ್ಷರ. ಹೆಸರಿನ ರಹಸ್ಯ ಇಷ್ಟೇ. ಇದು ಯಂತ್ರದಲ್ಲಿ ಇಲ್ಲದಿದ್ದರೆ ಬೇರೆಯಾಗಿ ತರಿಸಿ ಕೂಡಿಸಬೇಕು. ಕೂಡಿಸಿದ ಮೇಲೆ ಹೊರಗೆ ಹೋಗಿ ಮತ್ತೆ ಒಳಗೆ ಬರಬೇಕು. ಹಾಗೆಂದು ಪರದೆಯ ಮೇಲೆ ಎಲ್ಲಿಯೂ ಬರೆದಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಆಕೆಯನ್ನು ಹಂಗಿಸುವವರಿದ್ದಾರೆ. ಇಲ್ಲಿ ನೆಲ ನಿಜವಾಗಿಯೂ ಡೊಂಕು.

ಇನ್ನೊಂದು ಡೊಂಕು ಕೇಳಿ. ಪರದೆಯ ಮೇಲೆ ಚಿತ್ರ ಬಿಡಿಸುವ ಕೆಲಸವನ್ನು ಎಕ್ಸ್ ಎಂಬ ಹಳೆಯ ವ್ಯವಸ್ಥೆ ನಡೆಸಿಕೊಂಡು ಬಂದಿತ್ತು. ಅದು ಹುಟ್ಟಿದ್ದು 1984ರಲ್ಲಿ. ಅದರ ಜಾಗಕ್ಕೆ 2008ರಲ್ಲಿ ಆರಂಭವಾದ ವೇಲ್ಯಾಂಡ್ ಬರುತ್ತಿದೆ. 2025ರ ಅಕ್ಟೋಬರಿನ ಉಬುಂಟುವಿನಲ್ಲಿ ಗ್ನೋಮನ್ನು ಎಕ್ಸಿನ ಮೇಲೆ ನಡೆಸುವ ದಾರಿಯನ್ನೇ ತೆಗೆದರು. ಹಳೆಯದಕ್ಕೆ ಮುಪ್ಪಾಗಿತ್ತು, ಒಪ್ಪೋಣ. ಆದರೆ ಬಗೆಬಗೆಯ ಲಿಪಿಗಳನ್ನು ಬರೆಯಿಸುವ ಏರ್ಪಾಟು ಹೊಸ ಮನೆಯಲ್ಲಿ ಕೊನೆಗೆ ನೆನಪಾದ ವಿಷಯ. ಕೆಡಿಇಯಲ್ಲಿ ವೇಲ್ಯಾಂಡಿನ ಮೇಲೆ ಐಬಸ್ ಎಂಬ ಸಾಧನದಿಂದ ಕನ್ನಡ ಬರೆಯಬೇಕೆಂದರೆ ಅದನ್ನು ಆರಿಸುವುದು ಎಲ್ಲಿ ಗೊತ್ತೆ? 'ಮಿಥ್ಯಾ ಕೀಲಿಮಣೆ' ಎಂಬರ್ಥದ ಶೀರ್ಷಿಕೆಯ ಕೆಳಗೆ. ಅದು ಪರದೆಯ ಮೇಲೆ ಮೂಡುವ, ಬೆರಳಿನಿಂದ ಮುಟ್ಟುವ ಕೀಲಿಮಣೆಗೆ ಸಲ್ಲುವ ಹೆಸರು. ಕಣ್ಣೆದುರಿಗೆ ಸತ್ಯವಾದ ಕೀಲಿಮಣೆ ಇಟ್ಟುಕೊಂಡು ಕನ್ನಡಕ್ಕಾಗಿ ಮಿಥ್ಯೆಯ ಕೋಣೆಗೆ ಹೋಗಬೇಕು. ಶಂಕರಾಚಾರ್ಯರ ಅನುಯಾಯಿಗಳಿಗೆ ಇದು ರುಚಿಸೀತು. ಕಚೇರಿಯ ಗುಮಾಸ್ತೆಗೆ ಹೊಳೆಯುವಂಥದಲ್ಲ. ಇಂಗ್ಲಿಷ್ ಮಾತ್ರ ಬರೆಯುವವನಿಗೆ ಈ ಕೋಣೆ ಇದೆಯೆಂಬುದೇ ತಿಳಿಯಬೇಕಾಗಿಲ್ಲ. ಕಟ್ಟುವವರು ಬಹುಮಟ್ಟಿಗೆ ಅಂಥವರೇ ಆದ್ದರಿಂದ ಡೊಂಕು ಅವರ ಕಾಲಿಗೆ ತಾಗುವುದಿಲ್ಲ.

ಮೂರನೆಯದು ಅನುವಾದ. ಗ್ನೋಮಿನ ಗುಂಡಿಗಳ ಮೇಲಿನ ಮಾತುಗಳನ್ನು ಕನ್ನಡಕ್ಕೆ ತಂದವರಿದ್ದಾರೆ. ಸಾವಿರಾರು ಸಾಲುಗಳು, ಶ್ರದ್ಧೆಯ ಕೆಲಸ. ಆದರೆ ಮೂಲ ಇಂಗ್ಲಿಷ್ ವಾಕ್ಯದಲ್ಲಿ ಒಂದು ಪದ ಆಚೀಚೆಯಾದರೂ ಆ ಸಾಲಿನ ಅನುವಾದ ಅನುಮಾನದ ಪಟ್ಟಿಗೆ ಸೇರುತ್ತದೆ. ಯಾರಾದರೂ ಮತ್ತೆ ನೋಡಿ ಒಪ್ಪುವವರೆಗೆ ಪರದೆಯಲ್ಲಿ ಇಂಗ್ಲಿಷೇ ತೋರುತ್ತದೆ. ಜರ್ಮನರಿಗೂ ಫ್ರೆಂಚರಿಗೂ ಕೈಗಳು ಬೇಕಾದಷ್ಟಿವೆ, ಬೇಗನೆ ಸರಿಮಾಡಿಕೊಳ್ಳುತ್ತಾರೆ. ಕನ್ನಡಕ್ಕೆ ಬೆರಳೆಣಿಕೆಯ ಜನ. ಅವರು ಒಂದು ಕೋಣೆ ಗುಡಿಸಿ ಮುಗಿಸುವಷ್ಟರಲ್ಲಿ ಮನೆಯ ನಕ್ಷೆಯೇ ಬದಲಾಗಿರುತ್ತದೆ. ಹೀಗಾಗಿ ಅರ್ಧ ಕನ್ನಡ, ಅರ್ಧ ಇಂಗ್ಲಿಷಿನ ಪರದೆ; ಅದನ್ನು ನೋಡಿ ಬೇಸತ್ತವರು ಪೂರ್ತಿ ಇಂಗ್ಲಿಷನ್ನೇ ಇಟ್ಟುಕೊಳ್ಳುತ್ತಾರೆ. ಸುಮ್ಮಸುಮ್ಮನೆ ಕೆಡವಿ ಕಟ್ಟುವ ಚಪಲದ ಬೆಲೆ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಚಿಕ್ಕ ಭಾಷೆಗಳ ಪಾಲಿಗೆ ದಂಡ ಹೆಚ್ಚು. ಕೋಟಿಗಟ್ಟಲೆ ಜನ ಆಡುವ ಕನ್ನಡವೂ ಕಂಪ್ಯೂಟರಿನ ಲೋಕದಲ್ಲಿ ಚಿಕ್ಕ ಭಾಷೆಯೇ.

ವಿಂಡೋಸಿನಲ್ಲೇ ಇದ್ದುಬಿಡಬಾರದೇಕೆ ಎಂದು ಕೇಳಬಹುದು. ಕಂಪೆನಿಯ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಎಷ್ಟು ಎಡೆ ಎಂಬುದನ್ನು ಕಂಪೆನಿ ತೀರ್ಮಾನಿಸುತ್ತದೆ; ಮಾರಾಟದ ಲೆಕ್ಕ ನೋಡಿ ತೀರ್ಮಾನಿಸುತ್ತದೆ. ಲಿನಕ್ಸಿನಲ್ಲಿ ಕನ್ನಡಕ್ಕಾಗಿ ಯಾರ ಅಪ್ಪಣೆಯನ್ನೂ ಬೇಡಬೇಕಾಗಿಲ್ಲ. ಲೋಹಿತ್, ಗುಬ್ಬಿ, ನವಿಲು ಎಂಬ ಅಕ್ಷರವಿನ್ಯಾಸಗಳು ಯಾರು ಬೇಕಾದರೂ ಬಳಸುವಂತೆ, ತಿದ್ದುವಂತೆ ಅಲ್ಲಿ ಸಿಗುತ್ತವೆ. ಇದು ಸಣ್ಣ ಸಂಪತ್ತಲ್ಲ. ಕಾಲವೂ ಕೂಡಿಬಂದಿದೆ. ಮೈಕ್ರೋಸಾಫ್ಟ್ ಕಂಪೆನಿ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11ಕ್ಕೆ ಬೇಕಾದ ಭದ್ರತಾ ಸಾಧನ ಇಲ್ಲದ ಹಳೆಯ ಯಂತ್ರಗಳು ಶಾಲೆಗಳಲ್ಲಿ, ಮನೆಗಳಲ್ಲಿ ಇನ್ನೂ ಗಟ್ಟಿಮುಟ್ಟಾಗಿವೆ. ಅವನ್ನು ಗುಜರಿಗೆ ಹಾಕದೆ ಲಿನಕ್ಸ್ ಕೂಡಿಸಿರೆಂದು ಅಭಿಮಾನಿಗಳು ಹೇಳುತ್ತಿದ್ದಾರೆ, ಸರಿಯಾಗಿಯೇ ಹೇಳುತ್ತಿದ್ದಾರೆ.

ಆದರೆ ಹಾಗೆ ಹೇಳಿದ ಕ್ಷಣ ದಾನದ ಮಾತು ಮುಗಿಯಿತು. ಹಸುವನ್ನು ಹಿತ್ತಿಲಲ್ಲಿ ಕಟ್ಟಿ ಹೋದವನ ಮುಂದೆ ಹಲ್ಲು ಎಣಿಸುವುದು ಅಸಭ್ಯತೆ. ನಿಮ್ಮ ಹಟ್ಟಿಯ ಹಸುವನ್ನು ಬಿಟ್ಟು ಇದನ್ನೇ ಕಟ್ಟಿಕೊಳ್ಳಿ, ಊರ ಶಾಲೆಗೂ ಇದರ ಹಾಲೇ ಆಗಲಿ ಎಂದು ಬಂದವನ ಮುಂದೆ ಹಲ್ಲು ಎಣಿಸದಿರುವುದು ಹೊಣೆಗೇಡಿತನ. ಅಲ್ಲದೆ ಇದು ಪೂರ್ತಿ ದಾನವೂ ಅಲ್ಲ. ಗ್ನೋಮಿನ ಮುಖ್ಯ ಕೆಲಸಗಾರರಲ್ಲಿ ರೆಡ್ ಹ್ಯಾಟಿನಂಥ ಕಂಪೆನಿಗಳಲ್ಲಿ ಸಂಬಳ ಪಡೆಯುವವರು ಅನೇಕರು. ಸಂಬಳ ತಪ್ಪೆಂದು ನಾನು ಹೇಳುತ್ತಿಲ್ಲ, ಪಡೆಯಲಿ. ಆದರೆ ಸಂಬಳದ ಕೆಲಸವನ್ನು ಧರ್ಮಛತ್ರದ ಅನ್ನವೆಂದು ತೋರಿಸಿ ಉಂಡವನ ಬಾಯಿ ಮುಚ್ಚಿಸುವುದು ಬೇಡ.

"ನೀವೇ ಬರೆದುಕೊಳ್ಳಿ" ಎಂಬ ಮಾತಿಗೆ ಕನ್ನಡ ಪಾಠ ಹೇಳುವ ನನ್ನಲ್ಲಿ ಒಂದು ಉತ್ತರವಿದೆ. ಕಾವ್ಯ ಹದಗೆಟ್ಟಿದೆಯೆಂದ ಓದುಗನಿಗೆ, ಹಾಗಾದರೆ ನೀನೇ ಒಂದು ಬರೆ ನೋಡೋಣ ಎಂದ ಕವಿಯನ್ನು ನಾವು ಯಾವ ಕಾಲದಲ್ಲಿ ಮನ್ನಿಸಿದ್ದೇವೆ? ಉಪ್ಪು ಕಡಿಮೆಯೆನ್ನಲು ಅಡಿಗೆ ಕಲಿತಿರಬೇಕೆ?

ವಿಂಡೋಸಿನ ಚರಿತ್ರೆಯಲ್ಲೂ ಇಂಥ ಒಂದು ಹುಚ್ಚಾಟ ನಡೆದಿತ್ತು. 2012ರಲ್ಲಿ ವಿಂಡೋಸ್ 8 ಬಂದಾಗ ಮೂಲೆಯ ಸ್ಟಾರ್ಟ್ ಗುಂಡಿಯನ್ನು ತೆಗೆದರು. ಜನ ರೇಗಿದರು. ಮರುವರ್ಷವೇ 8.1ರಲ್ಲಿ ಗುಂಡಿ ಮರಳಿತು. 2015ರ ವಿಂಡೋಸ್ 10ರಲ್ಲಿ ಅದರ ಹಿಂದಿನ ಪಟ್ಟಿಯೂ ಮರಳಿತು. ದೊಡ್ಡ ಕಂಪೆನಿಯವರು ನಮ್ರರೆಂದಲ್ಲ. ಕೊಳ್ಳುವವನ ಸಿಟ್ಟಿಗೆ ಅಲ್ಲಿ ರೂಪಾಯಿಯಲ್ಲಿ ಬೆಲೆ ಕಟ್ಟಬಹುದು. ಲಿನಕ್ಸಿನ ಬಳಕೆದಾರ ಹಣ ಕೊಟ್ಟಿಲ್ಲ. ಆದ್ದರಿಂದ ಹಣ ಹಿಂತೆಗೆದು ಬೆದರಿಸಲಾರ. ಅವನ ಕೈಯಲ್ಲಿರುವ ನಾಣ್ಯ ಒಂದೇ, ದೂರು. ಅದನ್ನೂ ಕೃತಘ್ನತೆಯೆಂದು ಕರೆದು ಚಲಾವಣೆಯಿಂದ ತೆಗೆದುಬಿಟ್ಟರೆ, ಕಟ್ಟುವವನಿಗೂ ಬಳಸುವವನಿಗೂ ನಡುವೆ ಮಾತೇ ಉಳಿಯುವುದಿಲ್ಲ.

ನಾವು ಕೇಳಬೇಕಾದ್ದು ಬಹಳವೇನಿಲ್ಲ. ಯಂತ್ರವನ್ನು ಮೊದಲ ಬಾರಿ ತೆರೆದಾಗ ಕನ್ನಡ ಎಂದು ಆರಿಸಿದವರಿಗೆ, ನಿಮ್ಮ ಬೆರಳಿಗೆ ರೂಢಿಯಾದದ್ದು ನುಡಿಯ ಕೀಲಿಮಣೆಯೋ ಇನ್‌ಸ್ಕ್ರಿಪ್ಟೋ ಎಂದು ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಿ, ಅದನ್ನು ತಾನಾಗಿ ಕೂಡಿಸಲಿ. ಕನ್ನಡ ಬರೆಯುವ ಏರ್ಪಾಟು ಕೀಲಿಮಣೆ ಎಂಬ ಹೆಸರಿನ ಕೆಳಗೇ ಸಿಗಲಿ. ಇರುವುದನ್ನು ತೆಗೆಯುವ ಮೊದಲು ಅದರ ಬದಲಿನದು ಕನ್ನಡ, ತಮಿಳು, ಬಂಗಾಳಿ ಬರೆಯುವವರ ಕೈಯಲ್ಲಿ ಒಂದು ವರ್ಷವಾದರೂ ನಡೆದಿರಲಿ.

ಇವನ್ನು ಕೇಳುವ ದಾರಿಯಲ್ಲಿಯೂ ಒಂದು ತೊಡಕಿದೆ: ದೂರನ್ನು ಇಂಗ್ಲಿಷಿನಲ್ಲಿ, ಅವರದೇ ಪರಿಭಾಷೆಯಲ್ಲಿ, ಯಾವ ಸಂಚಿಕೆ, ಯಾವ ಹೆಜ್ಜೆಯಲ್ಲಿ ಏನಾಯಿತು ಎಂಬ ವಿವರದೊಡನೆ ಬರೆಯಬೇಕು. ನಾನು ಹೇಳಿದ ಗುಮಾಸ್ತೆ ಅದನ್ನು ಬರೆಯಲಾರಳು. ಎಲ್ಲಿ ಮುಗ್ಗರಿಸಿದೆನೆಂದು ಹೇಳಬಲ್ಲಳು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಲಿನಕ್ಸ್ ಸಂಘಗಳಿವೆ. ಅವುಗಳ ಹುಡುಗ ಹುಡುಗಿಯರು ವರ್ಷಕ್ಕೊಂದು ಹಬ್ಬ ಮಾಡಿ ಹೊಸಬರ ಯಂತ್ರಗಳಿಗೆ ಲಿನಕ್ಸ್ ಕೂಡಿಸಿಕೊಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಕೂಡಿಸಿದ ಒಂದು ತಿಂಗಳ ಮೇಲೆ ಅದೇ ಜನರ ಬಳಿಗೆ ಮತ್ತೆ ಹೋಗಿ, ಪಕ್ಕದಲ್ಲಿ ಕುಳಿತು, ಅವರು ಕನ್ನಡದಲ್ಲಿ ಒಂದು ಅರ್ಜಿ ಬರೆಯುವುದನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಬಿಡದೆ ನೋಡಲಿ. ಕಂಡದ್ದನ್ನು ಇಂಗ್ಲಿಷಿಗೆ ತಿರುಗಿಸಿ ಗ್ನೋಮಿನವರಿಗೂ ಕೆಡಿಇಯವರಿಗೂ ಕಳಿಸಲಿ. ಇದಕ್ಕೆ ಒಂದು ಸಾಲು ಪ್ರೋಗ್ರಾಮನ್ನೂ ಬರೆಯಬೇಕಾದ್ದಿಲ್ಲ.